ಗೇಟಿನ ಮನೆಯ ಉಪ್ಪು

ರಜನಿಗೆ ರೈಲ್ವೆಯಲ್ಲಿ ಸಿಕ್ಕ ಹುದ್ದೆಯ ಹೆಸರು ಗೇಟ್‌ಮನ್. ಹೆಂಗಸಾದರೂ ಮನ್ನೇ. ಗದಗ ಜಿಲ್ಲೆಯ ನರೇಗಲ್ಲಿಗೆ ನೌಕರಿಯ ಸುದ್ದಿ ಬಂದ ದಿನ ಓಣಿಯವರೆಲ್ಲ ಬಾಯಿಗೆ ಸಕ್ಕರೆ ಹಾಕಿಕೊಂಡು, ‘ಸೆಂಟ್ರಲ್ ಗೌರ್ಮೆಂಟು, ಇನ್ನೇನು, ಕುಂತು ಉಣ್ಣೂ ಕೆಲಸ’ ಎಂದರು. ಕುಂತು ಉಣ್ಣುವ ಜಾಗ ಎಲ್ಲಿದೆ ಎಂದು ಮಾತ್ರ ಯಾರೂ ಕೇಳಲಿಲ್ಲ. ಅದು ಇದ್ದದ್ದು ಗುಜರಾತಿನಲ್ಲಿ, ವಡೋದರಾದಿಂದ ಸಾಕಷ್ಟು ಒಳಗೆ, ಹತ್ತಿ ಮತ್ತು ಔಡಲದ ಹೊಲಗಳ ನಡುವಿನ ಖೇರ್‌ಪುರಾ ಎಂಬ ಹಳ್ಳಿಯ ರೈಲ್ವೆ ಗೇಟಿನಲ್ಲಿ. ದೂರದ ಬೆಟ್ಟ ನುಣ್ಣಗೆ ಎನ್ನುತ್ತಾರೆ. ಆ ತಾಲ್ಲೂಕಿನಲ್ಲಿ ಬೆಟ್ಟವೆಂಬುದೇ ಇಲ್ಲ. ನೆಲವೆಲ್ಲ ಅಂಗೈಯಷ್ಟು ಸಮ, ಅದರ ಮೇಲೆ ಬಿಸಿಲು.

ಗಂಡ ರಾಘವ ಗದಗಿನ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಕೈಗೂಸು ಕೃಪಾಳನ್ನು ತಾಯಿಯ ಮಡಿಲಿಗೆ ಹಾಕಿ ರಜನಿ ರೈಲು ಹತ್ತಿದಳು. ಒಂದೆರಡು ವರ್ಷ, ಆಮೇಲೆ ವರ್ಗ ಮಾಡಿಸಿಕೊಂಡು ಬಂದುಬಿಡುತ್ತೇನೆ ಎಂದು ಹೇಳಿ ಹೋದವಳು ಅಲ್ಲೇ ಉಳಿದಳು. ಕೂಸು ಇತ್ತ ನರೇಗಲ್ಲಿನಲ್ಲಿ ಬೆಳೆಯಿತು. ಅಜ್ಜಿಯನ್ನು ‘ಅವ್ವ’ ಎಂದು ಕರೆಯಲು ಕಲಿತು, ಹೆತ್ತವಳನ್ನು ‘ಫೋನವ್ವ’ ಎಂದಿತು. ಮೊದಲ ಸಲ ಕೇಳಿದಾಗ ರಜನಿ ನಕ್ಕಳು. ಎರಡನೆಯ ಸಲ ನಗಲಾಗಲಿಲ್ಲ.

ಕೆಲಸವೇನೂ ಬ್ರಹ್ಮವಿದ್ಯೆಯಲ್ಲ. ಗುಮಟಿ ಎನ್ನುವ ಗೇಟಿನ ಪಕ್ಕದ ಪುಟ್ಟ ಕೋಣೆಯಲ್ಲಿ ಫೋನು ಬಡಿದುಕೊಳ್ಳುತ್ತದೆ, ಸ್ಟೇಷನ್ ಮಾಸ್ತರರು ರೈಲು ಬಿಟ್ಟ ಸುದ್ದಿ ಹೇಳುತ್ತಾರೆ, ಹಿಡಿ ತಿರುಗಿಸಿ ಗೇಟು ಇಳಿಸಬೇಕು, ಬೀಗ ಹಾಕಬೇಕು, ಹಸಿರು ಬಾವುಟ ಹಿಡಿದು ನಿಲ್ಲಬೇಕು. ರೈಲು ಹೋದ ಮೇಲೆ ಮತ್ತೆ ಎತ್ತಬೇಕು. ಮಗಳ ಜೊತೆ ಮಾತಾಡುವಾಗಲೂ ಅಷ್ಟೇ, ಕಥೆ ರಂಗೇರುತ್ತಿದ್ದಂತೆ ಗುಮಟಿಯ ಫೋನು ಬಡಿಯುತ್ತಿತ್ತು. ‘ಗೇಟು ಹಾಕಬೇಕು ಕೂಸ, ಇಡ್ತೀನಿ’ ಎನ್ನುತ್ತಿದ್ದಳು. ಕೃಪಾಳ ಪಾಲಿಗೆ ಗೇಟು ಎಂದರೆ ಫೋನವ್ವನನ್ನು ಕಿತ್ತುಕೊಳ್ಳುವ ಯಾವುದೋ ಒಂದು ದೆವ್ವ.

ಗುಮಟಿಯಲ್ಲಿ ಒಂದು ಬೆಂಚು, ಒಂದು ಮಣ್ಣಿನ ಮಡಕೆ, ಬಾವುಟ, ದೀಪ. ಶೌಚಾಲಯವಿಲ್ಲ. ಗೇಟ್‌ಮನ್ ಎಂದು ಹೆಸರಿಟ್ಟವರಿಗೆ ಹೆಂಗಸೂ ಬಂದಾಳು ಎಂದು ಹೊಳೆದಿರಲಿಕ್ಕಿಲ್ಲ. ಪಾಳಿಯಲ್ಲಿದ್ದ ಇನ್ನಿಬ್ಬರು ಗಂಡಸರಿಗೆ ಇಡೀ ಬಯಲೇ ಇತ್ತು. ರಜನಿ ನೀರು ಕುಡಿಯುವುದನ್ನೇ ಬಿಟ್ಟಳು. ಬೆಂಕಿಯಂಥ ಬಿಸಿಲಿನಲ್ಲಿ ತುಂಬಿದ ಮಡಕೆ ಪಕ್ಕದಲ್ಲಿಟ್ಟುಕೊಂಡು ಬಾಯಿ ಒಣಗಿಸಿಕೊಂಡು ಕೂರುತ್ತಿದ್ದಳು. ಮೊದಲ ಬೇಸಿಗೆಯಲ್ಲೇ ಉರಿಮೂತ್ರ ಹತ್ತಿ, ಜ್ವರ ಬಂದು ಮಲಗಿದಳು.

ಆಗ ಕೈ ಹಿಡಿದವರು ಚಂಪಾಬೆನ್. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ; ದಿನ ಬಿಟ್ಟು ದಿನ ಬರುವ ನಲ್ಲಿಯ ಮುಂದೆ ಪರಿಚಯವಾಗಿ, ಅವರ ಮನೆಯ ಮುಂದಿನ ಕೋಣೆಯನ್ನೇ ರಜನಿ ಬಾಡಿಗೆಗೆ ಹಿಡಿದಿದ್ದಳು. ಚಂಪಾಬೆನ್ ವಿಧವೆ, ಅರವತ್ತರ ಆಸುಪಾಸು, ಮನೆಯಲ್ಲಿ ಒಂದು ಎಮ್ಮೆ. ಮಗ ಮಂಥನ್ ಸೂರತ್‌ ಬಳಿಯ ಸಚಿನ್ ಎಂಬ ಊರಿನಲ್ಲಿ ಬಟ್ಟೆಗೆ ಬಣ್ಣ ಹಾಕುವ ಗಿರಣಿಯಲ್ಲಿದ್ದ, ಹಬ್ಬಕ್ಕೆ ಬರುತ್ತಿದ್ದ. ಅವನೊಬ್ಬನೇ ಅಲ್ಲ, ಆ ಊರಿನ ಗಟ್ಟಿ ಕೈಗಳೆಲ್ಲ ಸೂರತ್‌ನಲ್ಲೋ ಅಹಮದಾಬಾದ್‌ನಲ್ಲೋ ಇದ್ದವು. ಊರಲ್ಲಿ ಉಳಿದವರು ಮುದುಕರು, ಹೆಂಗಸರು, ಎಮ್ಮೆಗಳು.

ಚಂಪಾಬೆನ್ ಹಿತ್ತಿಲಲ್ಲಿ ಸರ್ಕಾರದ ಹಣದಲ್ಲಿ ಕಟ್ಟಿದ ಪಾಯಿಖಾನೆ ಇತ್ತು. ಅದರೊಳಗೆ ಸೂರಿನವರೆಗೆ ಬೆರಣಿ. ಮಳೆಗಾಲಕ್ಕೆ ಬೆರಣಿ ಒಣಗಿರಲು ಅದಕ್ಕಿಂತ ಒಳ್ಳೆಯ ಜಾಗ ಊರಲ್ಲಿ ಇರಲಿಲ್ಲ. ಮನುಷ್ಯರಿಗೆ ಔಡಲದ ಹೊಲ ಇದ್ದೇ ಇತ್ತು. ರಜನಿ ಜ್ವರದಲ್ಲಿ ನರಳುವುದನ್ನು ನೋಡಿದ ಆಕೆ ಒಂದು ಬೆಳಿಗ್ಗೆ ಸೆರಗು ಕಟ್ಟಿ, ಅಷ್ಟೂ ಬೆರಣಿಯನ್ನು ಬುಟ್ಟಿ ಬುಟ್ಟಿ ಹೊತ್ತು ತಾವು ಮಲಗುವ ಕೋಣೆಯಲ್ಲಿ ಒಟ್ಟಿದರು. ಪಾಯಿಖಾನೆ ತೊಳೆದು, ಬಾಗಿಲಿಗೆ ಹೊಸ ಅಗುಳಿ ಹಾಕಿಸಿದರು. ‘ಇನ್ನು ನೀರು ಕುಡಿ, ಬೇಟಾ. ನಿನ್ನ ಗೇಟಿಂದ ಇಲ್ಲಿಗೆ ಎಷ್ಟು ದೂರ? ಎರಡು ರೈಲಿನ ನಡುವೆ ಓಡಿ ಬಂದು ಹೋಗು.’

ಇಬ್ಬರ ನಡುವಿನ ಭಾಷೆ ಅರ್ಧ ಹಿಂದಿ, ಕಾಲು ಗುಜರಾತಿ, ಉಳಿದದ್ದು ಕೈಸನ್ನೆ. ನಮಗೆ ಕನ್ನಡದಲ್ಲಿ ಕೇಳಿದರೆ ಸಾಕು. ರಜನಿ ಆಕೆಯನ್ನು ‘ಬಾ’ ಎಂದು ಕರೆದಳು. ಆ ಸೀಮೆಯಲ್ಲಿ ತಾಯಿಯನ್ನೂ ಹಿರಿಯ ಹೆಂಗಸರನ್ನೂ ಕರೆಯುವುದೇ ಹಾಗೆ.

ಖೇರ್‌ಪುರಾದ ಮನೆಗಳು ಹಳಿಯ ಈಚೆಗೆ. ಬದುಕಲು ಬೇಕಾದದ್ದೆಲ್ಲ ಆಚೆಗೆ. ಊರ ಬೋರಿನ ನೀರು ಸವುಳು, ಅದರಲ್ಲಿ ಬೇಳೆ ಬೇಯುವುದಿಲ್ಲ. ಕುಡಿಯುವ ನೀರಿನ ಫಿಲ್ಟರ್ ಮನೆ ಡಾಂಬರು ರಸ್ತೆಯಲ್ಲಿ, ಗೇಟಿನ ಆಚೆ. ಹಾಲಿನ ಡೇರಿ ಆಚೆ, ನರ್ಸಮ್ಮ ಆಚೆ, ದೊಡ್ಡ ಶಾಲೆ ಆಚೆ, ಬಸ್ಸು ನಿಲ್ಲುವುದೂ ಆಚೆ. ಊರಿಗೆ ಆ ಗೇಟು ಗಂಟಲಿದ್ದಂತೆ. ಬೆಳಿಗ್ಗೆ ಸಂಜೆ ಹೆಂಗಸರು ತಲೆಯ ಮೇಲೆ ಹಾಲಿನ ಕ್ಯಾನು ಹೊತ್ತು ಸಾಲಾಗಿ ದಾಟುತ್ತಿದ್ದರು. ಗೇಟು ಇಳಿದಿದ್ದರೂ ಬಗ್ಗಿ ನುಸುಳುವುದು ಅವರ ಅಭ್ಯಾಸ. ಮೊದಮೊದಲು ರಜನಿ ಹಿಂದಿಯಲ್ಲಿ ಹೇಳಿ ನೋಡಿದಳು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಒಂದು ದಿನ ರೇಗಿ ಹೋಗಿ ತನ್ನ ಭಾಷೆಯಲ್ಲೇ ಒದರಿದಳು: ‘ಏಯ್, ನಿಂದ್ರ! ಕಣ್ಣು ಹಣಿಮ್ಯಾಲ ಇಟ್ಟೀರೇನ?’

ಇಡೀ ಸಾಲು ಕಂಬ ನೆಟ್ಟಂತೆ ನಿಂತಿತು. ಅಂದಿನಿಂದ ಖೇರ್‌ಪುರಾದಲ್ಲಿ ‘ನಿಂದ್ರ’ ಎಂಬುದು ಊರ ಮಾತಾಯಿತು. ಮಕ್ಕಳು ಎಮ್ಮೆಗೂ ಅದನ್ನೇ ಹೇಳಿದರು, ಎಮ್ಮೆಗಳೂ ನಿಂತವು.

ವಾರದ ರಜೆ ಸಿಕ್ಕಾಗ ರಜನಿ ವಡೋದರಾಕ್ಕೆ ಹೋಗುತ್ತಿದ್ದಳು. ಫತೇಗಂಜ್‌ನಲ್ಲಿ ಉಮಾಕಾಂತರಾಯರ ಮನೆ. ದಾವಣಗೆರೆ ಕಡೆಯವರು, ರೈಲ್ವೆ ಕಚೇರಿಯಲ್ಲಿ ಗುಮಾಸ್ತರು, ಕನ್ನಡದವರೆಂದರೆ ಜೀವ ಬಿಡುವ ಮನುಷ್ಯ. ಹೋದಾಗಲೆಲ್ಲ ರಜನಿ ಕೇಳುವುದು ಒಂದೇ ಪ್ರಶ್ನೆ, ತನ್ನ ವರ್ಗದ ಅರ್ಜಿ ಎಲ್ಲಿಗೆ ಬಂತು. ಆ ವರ್ಷ ದೀಪಾವಳಿಗೆ ಮುಂಚೆ ಅವರು ದನಿ ತಗ್ಗಿಸಿ ಹೇಳಿದರು:

‘ನೋಡಮ್ಮ, ನಿಮ್ಮ ಗೇಟಿನಲ್ಲಿ ಓಡಾಟ ಎಣಿಸೋಕೆ ಬರ್ತಾರೆ. ಗಾಡಿಗಳು ಕಮ್ಮಿ ಅಂತಾದ್ರೆ ಗೇಟು ಮುಚ್ಚಿ, ಹಳಿ ಕೆಳಗೆ ದಾರಿ ಕೊರೀತಾರೆ. ಆಗ ಅಲ್ಲಿರೋರನ್ನ ಬೇರೆ ಕಡೆ ಹಾಕ್ಲೇಬೇಕು. ನಿನ್ನ ಅರ್ಜಿ ತಾನಾಗೇ ಮೇಲಕ್ಕೆ ಬರುತ್ತೆ.’

‘ಮುಚ್ಚಲಿಲ್ಲಂದ್ರ ಸರ?’

‘ಮುಚ್ಚಲಿಲ್ಲ ಅಂದ್ರೆ ನಿನ್ನ ಮಗಳ ಮದುವೆ ಹೊತ್ತಿಗೆ ನೋಡೋಣ’ ಎಂದು ಅವರು ತಮಾಷೆ ಮಾಡಿದರು.

ಎಣಿಸುವವರು ಬಂದದ್ದು ದೀಪಾವಳಿಯ ಹಿಂದಿನ ದಿನ, ಇಬ್ಬರು. ಬೇವಿನ ಮರದ ಕೆಳಗೆ ಮಡಚುವ ಕುರ್ಚಿ ಹಾಕಿ ಕೂತರು. ಹಬ್ಬದ ದಿನ ಈ ಕೆಲಸ ಬಿತ್ತಲ್ಲ ಎಂದು ಅವರಿಗೂ ಬೇಸರವೇ. ಗುಜರಾತಿನ ದೀಪಾವಳಿ ಗೊತ್ತಿರುವವರಿಗೆ ಬಿಡಿಸಿ ಹೇಳಬೇಕಿಲ್ಲ. ಆಗ ಮುಚ್ಚಿದ ಅಂಗಡಿ, ಗಿರಣಿ, ಮಾರ್ಕೆಟ್ಟು ತೆರೆಯುವುದು ಐದು ದಿನ ಕಳೆದು ಬರುವ ಲಾಭಪಂಚಮಿಗೆ. ಹತ್ತಿಯ ಲಾರಿ ಬರುವುದಿಲ್ಲ, ಟ್ರ್ಯಾಕ್ಟರು ಅಂಗಳ ಬಿಡುವುದಿಲ್ಲ, ಶಾಲೆಯ ರಿಕ್ಷಾಗಳಿಗೂ ರಜೆ. ಉಳಿದ ದಿನ ಗಿಜಿಗುಡುವ ಗೇಟು ಆ ದಿನಗಳಲ್ಲಿ ಬಣಗುಡುತ್ತದೆ. ಎಮ್ಮೆಗಳಿಗೆ ಮಾತ್ರ ದೀಪಾವಳಿಯಿಲ್ಲ, ಆದ್ದರಿಂದ ಹಾಲಿನ ಹೆಂಗಸರು ಎಂದಿನಂತೆ ದಾಟುತ್ತಿದ್ದರು. ‘ಇವರನ್ನ ಬರ್ಕೊಳ್ಳೂದಿಲ್ಲೇನ್ರಿ?’ ಎಂದು ರಜನಿ ಕೇಳಿದ್ದಕ್ಕೆ ಆ ಇಬ್ಬರಲ್ಲಿ ಹಿರಿಯನು, ‘ನಡೆದು ಹೋಗುವವರು ನಮ್ಮ ಲೆಕ್ಕಕ್ಕಿಲ್ಲ, ಗಾಡಿ ಮಾತ್ರ’ ಎಂದ.

ದೀಪಾವಳಿ ಕಳೆದು ಗುಜರಾತಿಗಳ ಹೊಸವರ್ಷದ ಬೆಳಗು. ಇನ್ನೂ ಮಂಜು ಹರಿದಿರಲಿಲ್ಲ, ಹುಡುಗರು ಓಣಿಯಲ್ಲಿ ‘ಸಬ್‌ರಸ್, ಸಬ್‌ರಸ್’ ಎಂದು ಕೂಗುತ್ತ ಉಪ್ಪು ಮಾರುತ್ತಿದ್ದರು. ವರ್ಷದ ಮೊದಲ ದಿನ ಮನೆಗೆ ಮೊದಲು ಬರಬೇಕಾದದ್ದು ಉಪ್ಪು. ಎಲ್ಲ ರುಚಿಯೂ ಅದರಲ್ಲಿದೆ ಎಂದು ಅಲ್ಲಿಯ ನಂಬಿಕೆ. ಚಂಪಾಬೆನ್ ಡೇರಿಗೆ ಹೊರಟವರು ಗುಮಟಿಯ ಬಾಗಿಲಲ್ಲಿ ನಿಂತು, ಕಾಗದದ ಪೊಟ್ಟಣದಿಂದ ಒಂದು ಹಿಡಿ ಹರಳುಪ್ಪು ತೆಗೆದು ಚಾಚಿದರು.

ರಜನಿ ಕೈ ಹಿಂದೆಗೆದಳು. ‘ಕೈಯಾಗ ಬ್ಯಾಡ್ರಿ ಬಾ. ನಮ್ಮ ಕಡೆ ಉಪ್ಪು ಕೈಯಿಂದ ಕೈಗೆ ಕೊಡೂದಿಲ್ಲ, ಜಗಳ ಆಗತೈತಿ.’

‘ಜಗಳ ಆಡೋಕೆ ನಮ್ಮಿಬ್ಬರಿಗೆ ಭಾಷೆ ಎಲ್ಲಿದೆ?’ ಎಂದು ಚಂಪಾಬೆನ್ ನಕ್ಕು, ಚಹಾಪುಡಿಯ ಖಾಲಿ ಡಬ್ಬಿಗೆ ಉಪ್ಪು ಸುರಿದರು. ‘ಎಲ್ಲಾದರೂ ಇಡ್ತೀನಿ, ನನ್ನ ಉಪ್ಪು ಈ ವರ್ಷ ನಿನ್ನ ಮನೆಯಲ್ಲಿರಲಿ. ಮಂಥನ್‌ಗೂ ಕೊಟ್ಟೆ, ನಿನಗೂ ಕೊಟ್ಟೆ.’

ಅವರು ಹೋದ ಸ್ವಲ್ಪ ಹೊತ್ತಿಗೆ ಎಣಿಸುವವರಲ್ಲಿ ಹಿರಿಯನು ಚಹಾದ ಲೋಟ ಹಿಡಿದು ಗುಮಟಿಯ ಹತ್ತಿರ ಬಂದ. ನ್ಯಾಯವಂತ ಮನುಷ್ಯ, ಅದನ್ನು ಹೇಳಲೇಬೇಕು.

‘ಬೆನ್, ಉಳಿದ ದಿನಗಳಲ್ಲೂ ಇಷ್ಟೇ ಗಾಡಿನಾ? ಹಬ್ಬ ಅಂತ ಕಮ್ಮಿ ಇದ್ರೆ ಹೇಳಿಬಿಡಿ. ಲಾಭಪಂಚಮಿ ಆದ ಮೇಲೆ ಮತ್ತೆ ಬಂದು ಎಣಿಸ್ತೀವಿ, ನಮಗೇನು.’

ಹಿಂದಿನ ಸಂಜೆಯಷ್ಟೇ ಕೃಪಾ ಫೋನಿನಲ್ಲಿ, ಹೊಸ ಲಂಗ ತೋರಿಸಲು ಹೇಳಿದರೆ, ‘ಅವ್ವ ನೋಡ್ಯಾಳ, ಸಾಕು’ ಎಂದಿದ್ದಳು. ಹಳಿಯ ಮೇಲೆ ಕಣ್ಣಿಟ್ಟುಕೊಂಡೇ ರಜನಿ ಹೇಳಿದಳು, ‘ಇಷ್ಟೇ ಸಾಹೇಬ್. ಯಾವಾಗಲೂ ಇಷ್ಟೇ.’

ಅವನು ತಲೆಯಾಡಿಸಿ ಹೋದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆದರೆ ರಜನಿಯ ಮಾತು ಅಂದೇ ಹೋಗಿರಲಿಲ್ಲ, ನಿಜ ಹೇಳಬೇಕೆಂದರೆ; ಆ ಇಬ್ಬರೂ ಇನ್ನೂ ಕೆಲವು ದಿನ ಬೇವಿನ ಕೆಳಗೇ ಕೂತಿದ್ದರು. ಚಹಾ ಕಾಸಿ ಕೊಡುವ ನೆವದಲ್ಲಿ ಒಂದು ಮಾತು ತಿದ್ದಬಹುದಿತ್ತು. ಆಕೆ ಚಹಾ ಕಾಸಿ ಕೊಟ್ಟಳು, ಮಾತು ತಿದ್ದಲಿಲ್ಲ. ಡಬ್ಬಿಯ ಉಪ್ಪನ್ನು ಅಡುಗೆಗೆ ಬಳಸಲೂ ಇಲ್ಲ, ಚೆಲ್ಲಲೂ ಇಲ್ಲ. ಉಪ್ಪುಂಡ ಮನೆಗೆ ಎರಡು ಬಗೆಯಬಾರದು ಎಂದು ಅವಳ ಅವ್ವ ಹೇಳುತ್ತಿದ್ದಳು. ಉಪ್ಪು ಉಂಡಿಲ್ಲವಲ್ಲ ಎಂದು ರಜನಿ ತನಗೆ ತಾನೇ ಹೇಳಿಕೊಂಡಳು. ಮನಸ್ಸು ಎಂಥ ವಕೀಲ ನೋಡಿ.

ಬೇಸಿಗೆಯಲ್ಲಿ ಹಳಿಯ ಕೆಳಗೆ ದಾರಿ ಕೊರೆದರು. ಸಿಮೆಂಟಿನ ಗೋಡೆ, ತಂಪು ನೆರಳು. ಮಕ್ಕಳು ಅದರೊಳಗೆ ಕ್ರಿಕೆಟ್ ಆಡಿದರು, ಊರಿನವರೂ ಖುಷಿಯಾಗಿಯೇ ಇದ್ದರು. ಗೇಟು ಕಿತ್ತು, ಅದರ ಜಾಗದಲ್ಲಿ ಹಳೆಯ ಹಳಿಯ ತುಂಡುಗಳನ್ನು ನೆಟ್ಟರು. ಗುಮಟಿಗೆ ಬೀಗ ಬಿತ್ತು. ವರ್ಗದ ಹುಕುಮು ಬರುವ ತನಕ ರಜನಿಯನ್ನು ಹತ್ತಿರದ ಸ್ಟೇಷನ್ನಿಗೆ ಹಾಕಿದರು. ವಾಸ ಮಾತ್ರ ಚಂಪಾಬೆನ್ ಮನೆಯಲ್ಲೇ. ಕೆಟ್ಟದ್ದೇನೂ ಆಗಲಿಲ್ಲವಲ್ಲ ಎಂದು ರಜನಿ ಆ ದಿನಗಳಲ್ಲಿ ಚೆನ್ನಾಗಿ ನಿದ್ದೆ ಮಾಡಿದಳು.

ಆಷಾಢದಲ್ಲಿ ಮಳೆ ಹಿಡಿಯಿತು. ಕಪ್ಪು ನೆಲದ ಸೀಮೆ, ಸುತ್ತಲಿನ ಹೊಲದ ನೀರೆಲ್ಲ ಇಳಿಜಾರು ಕಂಡ ಕಡೆಗೆ ಹರಿಯುತ್ತದೆ. ಆ ಊರಲ್ಲಿ ಈಗ ಇದ್ದದ್ದು ಒಂದೇ ಇಳಿಜಾರು. ಹಳಿಯ ಕೆಳಗಿನ ದಾರಿ ಎದೆಮಟ್ಟ ತುಂಬಿ ಕೆರೆಯಾಯಿತು. ಎಮ್ಮೆಗಳು ಅದರಲ್ಲಿ ಹಾಯಾಗಿ ಬಿದ್ದುಕೊಂಡವು. ಶಾಲೆಯ ರಿಕ್ಷಾ ನಿಂತಿತು, ನರ್ಸಮ್ಮ ಬರುವುದು ನಿಂತಿತು. ಹಾಲು ಮಾತ್ರ ನಿಲ್ಲುವಂತಿಲ್ಲ. ಹೊತ್ತು ಮೀರಿದರೆ ಡೇರಿಯವರು ತೆಗೆದುಕೊಳ್ಳುವುದಿಲ್ಲ, ಒಡೆದರೆ ಆ ಹೊತ್ತಿನ ಗಳಿಕೆ ಮಣ್ಣುಪಾಲು. ಹೆಂಗಸರು ಕ್ಯಾನು ಹೊತ್ತು ಹಳಿಯ ದಿಬ್ಬ ಹತ್ತಿ, ಜಲ್ಲಿಕಲ್ಲಿನ ಮೇಲೆ ಜಾರುತ್ತ ದಾಟತೊಡಗಿದರು. ಕೆಳಗಿಳಿಸುವ ಗೇಟಿಲ್ಲ, ಬಾವುಟವಿಲ್ಲ, ‘ನಿಂದ್ರ’ ಎನ್ನುವವರಿಲ್ಲ. ಈಗಿನ ಕರೆಂಟಿನ ಎಂಜಿನ್ನು ಮೈಮೇಲೆ ಬರುವ ತನಕ ಸದ್ದೇ ಮಾಡುವುದಿಲ್ಲ, ಅದರಲ್ಲೂ ಮಳೆಯಲ್ಲಿ.

ರಜನಿ ಮನೆಯಲ್ಲಿದ್ದಾಗಲೆಲ್ಲ ದಿಬ್ಬದ ಮೇಲೆ ಹೋಗಿ ನಿಲ್ಲುತ್ತಿದ್ದಳು. ಡ್ಯೂಟಿಯ ಹೊತ್ತಿನಲ್ಲಿ ಏನು ಮಾಡಬೇಕು? ಸ್ಟೇಷನ್ನಿನಲ್ಲಿ ಪ್ರತಿ ರೈಲು ಬಿಟ್ಟಾಗಲೂ ಅದು ಹಳೆಯ ಗೇಟು ದಾಟುವ ಹೊತ್ತನ್ನು ಗಡಿಯಾರ ನೋಡಿ ಎಣಿಸುತ್ತಿದ್ದಳು.

ಒಂದು ಸಂಜೆ ರೈಲೊಂದರ ಡ್ರೈವರ್ ಹೇಳಿಕಳಿಸಿದ ಸುದ್ದಿಯನ್ನು ಮಾಸ್ತರರು ಫೋನಿನಲ್ಲಿ ಕೇಳಿ, ರಿಸೀವರ್ ಇಟ್ಟು, ರಜನಿಯ ಮುಖ ನೋಡಿದರು. ‘ಹಳೇ ಗೇಟಿನ ಹತ್ತಿರ ಹಾಲಿನ ಕ್ಯಾನಿಗೆ ರೈಲು ಹೊಡೀತಂತೆ. ಮನುಷ್ಯರು ಏನಾದ್ರೋ ಗೊತ್ತಿಲ್ಲವಂತೆ.’

ರಜನಿ ಓಡಿದಳು. ದಾರಿಯಲ್ಲಿ ಸಿಕ್ಕ ಬೈಕು ಹತ್ತಿ, ಅದು ಕೆಸರಿನಲ್ಲಿ ಹೂತಾಗ ಇಳಿದು ಮತ್ತೆ ಓಡಿದಳು. ಜಲ್ಲಿಕಲ್ಲಿನ ಮೇಲೆ ಹಾಲು ಚೆಲ್ಲಿತ್ತು, ಮಳೆ ಅದನ್ನು ತೊಳೆಯುತ್ತಿತ್ತು. ದಿಬ್ಬದ ಕೆಳಗೆ ಹೆಂಗಸರ ಗುಂಪು. ನಡುವೆ ಚಂಪಾಬೆನ್, ಕಣ್ಣು ತೆರೆದೇ ಇದ್ದರು. ರೈಲು ಮೈಗೆ ತಾಗಿರಲಿಲ್ಲ. ಕೊನೆಯ ಗಳಿಗೆಯಲ್ಲಿ ಕ್ಯಾನು ಬಿಟ್ಟು ಹಿಂದಕ್ಕೆ ಹಾರಿ ದಿಬ್ಬದಿಂದ ಉರುಳಿದ್ದರು. ಸೊಂಟದ ಕೆಳಗೆ ಒಂದು ಕಾಲು ಹೊರಳಬಾರದ ಕಡೆಗೆ ಹೊರಳಿತ್ತು. ಆಂಬುಲೆನ್ಸು ಆಚೆ ರಸ್ತೆಯಲ್ಲಿ ನಿಂತಿತು. ನೀರು ದಾಟಿ ಬರಲು ಅದಕ್ಕೂ ದಾರಿಯಿಲ್ಲ. ಮಂಚದ ಮೇಲೆ ಮಲಗಿಸಿ, ಹಳಿ ದಾಟಿಸಿ, ಹೆಂಗಸರೇ ಹೊತ್ತು ಮುಟ್ಟಿಸಿದರು. ಮುಂದೆ ನಿಂತು ಎರಡೂ ಕಡೆ ನೋಡಿ ದಾಟಿಸಿದವಳು ರಜನಿ. ಅಂದು ಆಕೆ ಅತ್ತಷ್ಟು ತನ್ನ ಅಪ್ಪ ಸತ್ತಾಗಲೂ ಅತ್ತಿರಲಿಲ್ಲ.

ಚಂಪಾಬೆನ್ ಬದುಕಿದರು. ಆದರೆ ಇನ್ನು ಕ್ಯಾನು ಹೊರುವ ಹಾಗಿಲ್ಲ, ಕುಕ್ಕರುಗಾಲಲ್ಲಿ ಕೂತು ಹಾಲು ಕರೆಯುವ ಹಾಗೂ ಇಲ್ಲ. ಮಂಥನ್ ಸಚಿನ್‌ನಿಂದ ಬಂದು ಎಮ್ಮೆ ಮಾರಿ ಹೋದ. ಅದನ್ನು ಹಗ್ಗ ಹಿಡಿದು ಕರೆದೊಯ್ಯುವಾಗ ಚಂಪಾಬೆನ್ ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದ್ದರು. ಆ ವಾರವೇ ರಜನಿಯ ಹುಕುಮು ಬಂತು, ಹುಬ್ಬಳ್ಳಿಗೆ.

ಹೊರಡುವ ಹಿಂದಿನ ಸಂಜೆ ಆಕೆ ಮಂಚದ ಪಕ್ಕ ನೆಲದ ಮೇಲೆ ಕೂತಳು. ‘ಬಾ, ಒಂದು ಮಾತು ಹೇಳಬೇಕ್ರಿ. ಗೇಟು ಹೋಗಿದ್ದು ನನ್ನಿಂದ.’ ಎಲ್ಲವನ್ನೂ ಹೇಳಿದಳು. ಚಂಪಾಬೆನ್ ತಡೆಯದೆ ಕೇಳಿದರು.

‘ಗೊತ್ತು’ ಎಂದರು ಕೊನೆಗೆ.

ರಜನಿ ತಲೆಯೆತ್ತಿದಳು.

‘ಅವತ್ತು ಡೇರಿಯಿಂದ ವಾಪಸ್ ಬರ್ತಾ ನಿನ್ನ ಹಿಂದೇನೇ ಇದ್ದೆ, ಖಾಲಿ ಕ್ಯಾನು ಹಿಡ್ಕೊಂಡು. ಅವನು ಕೇಳಿದ್ದೂ ಕೇಳ್ತು, ನೀನು ಹೇಳಿದ್ದೂ ಕೇಳ್ತು.’

‘ಮತ್ತ ಯಾಕ ಸುಮ್ಮನಿದ್ರಿ? ನೀವರ ಹೇಳಬೇಕಿತ್ತಲ್ಲರಿ!’

‘ಅವನು ಕೇಳಿದ್ದು ನಿನ್ನನ್ನ. ನಡೆದು ಹೋಗೋರನ್ನ ಯಾರು ಕೇಳ್ತಾರೆ?’ ಚಂಪಾಬೆನ್ ಸೂರು ನೋಡುತ್ತಿದ್ದರು. ‘ಮಗಳ ನೆನಪಿಗೆ ಬಾಯಿ ಜಾರಿದೆ, ನಾಳೆ ಸರಿ ಮಾಡ್ತಾಳೆ ಅಂದ್ಕೊಂಡೆ. ನನ್ನ ಬೇಟಾ ಅಲ್ವಾ ನೀನು. ನಾಳೆ ಹೇಳ್ಲಿಲ್ಲ, ನಾಡಿದ್ದು ಹೇಳ್ತಾಳೆ ಅಂದ್ಕೊಂಡೆ. ಅವರು ಕುರ್ಚಿ ಮಡಚಿಕೊಂಡು ಹೋಗೋವರೆಗೂ ಕಾದೆ.’

ರಜನಿ ಅವರ ಪಾದಕ್ಕೆ ಹಣೆ ಹಚ್ಚಲು ಬಗ್ಗಿದಳು. ‘ಮುಟ್ಟಬೇಡ, ನೋಯ್ತದೆ’ ಎಂದರು ಚಂಪಾಬೆನ್. ಆಮೇಲೆ, ‘ಹೋಗು, ಮಗಳ ಹತ್ತಿರ ಹೋಗು. ಇದರಿಂದ ಅಷ್ಟಾದರೂ ಆಗಲಿ’ ಎಂದರು.

ಬೆಳಿಗ್ಗೆ ಪ್ಯಾಸೆಂಜರ್ ರೈಲಿನ ಬಾಗಿಲ ಬಳಿ ರಜನಿ ನಿಂತಿದ್ದಳು. ಕೈಚೀಲದಲ್ಲಿ ಆ ಚಹಾಪುಡಿ ಡಬ್ಬಿ ಇತ್ತು. ಮಳೆಗಾಲದ ಹಸಿಗೆ ಉಪ್ಪು ಕರಗಿ ಗಟ್ಟಿಯಾಗಿ ತಳಕ್ಕೆ ಅಂಟಿತ್ತು. ಫೋನಿನಲ್ಲಿ ಕೃಪಾ ಒಂದೇ ಸಮನೆ ಮಾತಾಡುತ್ತಿದ್ದಳು. ಇವತ್ತು ಹೊರಟರೆ ನಾಳೆ ಬರ್ತೀಯಾ, ನನ್ನ ಬಾಜೂನೇ ಮಲಗ್ತೀಯಾ, ನಡುವ ಫೋನ್ ಇಡೂದಿಲ್ಲಲಾ?

‘ಇಲ್ಲ ಕೂಸ. ಇನ್ನ ಇಡೂದಿಲ್ಲ.’

ಹಳೆಯ ಗೇಟು ಬಂತು. ಮಳೆಯಲ್ಲಿ, ದಿಬ್ಬದ ಅಂಚಿಗೆ, ಹೆಂಗಸರು ತಲೆಯ ಮೇಲೆ ಕ್ಯಾನು ಹೊತ್ತು ಹಳಿಗೆ ಒಂದು ಮಾರು ದೂರದಲ್ಲಿ ನಿಂತಿದ್ದರು. ರಜನಿ ಕಂಬಿ ಹಿಡಿದು ಹೊರಗೆ ಬಾಗಿ, ಎದೆ ಬಿರಿಯುವಂತೆ ಕೂಗಿದಳು: ‘ನಿಂದ್ರ! ನಿಂದ್ರ!’ ರೈಲಿನ ಸದ್ದಿಗೆ ಯಾರಿಗೂ ಕೇಳಿಸಲಿಲ್ಲ. ಒಬ್ಬಳು ಮಾತ್ರ ಗುರುತು ಹಿಡಿದು, ಕ್ಯಾನಿನಿಂದ ಒಂದು ಕೈ ಬಿಟ್ಟು ಬೀಸಿದಳು.

‘ಯಾರಿಗೆ ನಿಂದ್ರ ಅಂದಿ?’ ಕೃಪಾ ಕೇಳಿದಳು. ಆಮೇಲೆ ಏನೋ ನೆನಪಾದವಳಂತೆ, ‘ನೀ ಇಲ್ಲಿಗೆ ಬಂದ್ರ ಅಲ್ಲಿ ಗೇಟು ಯಾರು ಹಾಕ್ತಾರ, ಫೋನವ್ವಾ?’

‘ಯಾರೂ ಇಲ್ಲ ಕೂಸ’ ಎಂದಳು ರಜನಿ. ‘ಅಲ್ಲೀಗ ಯಾರೂ ಇಲ್ಲ.’